ಲೆಕ್ಕ ತೋರಿಸಿ ಎಂದು ಕೇಳುವ ಹಕ್ಕು

(ಉಡುಪಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಒಂದು ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರವೂ ಇದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಇದು: ಜನರೇ ಆರಿಸಿದ ಸರಕಾರದಲ್ಲಿ ವಿಜ್ಞಾನಿಗಳಿಗೆ, ಎಂಜಿನಿಯರುಗಳಿಗೆ ಎಂಥ ಜಾಗ ಇರಬೇಕು? ಅವರ ಮಾತನ್ನು ಎಷ್ಟು ಕೇಳಬೇಕು? ಕೊನೆಯ ಮಾತು ಯಾರದ್ದು? ದೊಡ್ಡ ಪ್ರಶ್ನೆಯೇ. ಆದರೆ ಇದನ್ನು ಕೇಳಲು ದೆಹಲಿಗೆ ಹೋಗಬೇಕಿಲ್ಲ. ಕಟಪಾಡಿ ದಾಟಿ ಮಟ್ಟುವಿಗೆ ಹೋದರೆ ಸಾಕು.

ಮಟ್ಟುಗುಳ್ಳ ನಿಮಗೆಲ್ಲ ಗೊತ್ತಿದ್ದದ್ದೇ. ಗುಂಡಗಿನ ತಿಳಿಹಸಿರು ಬದನೆ. ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆ ಊರಲ್ಲಿದೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ, ಅಂದರೆ ಇದು ಈ ಊರಿನದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತೂ ಸಿಕ್ಕಿತು. ಆದರೆ ಅದಕ್ಕೆ ಸ್ವಲ್ಪ ಮೊದಲು ನಡೆದದ್ದು ತುಂಬ ಜನರಿಗೆ ಗೊತ್ತಿಲ್ಲ. ಬಿಟಿ ಬದನೆ ತಯಾರಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಅಲ್ಲಿ ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಮಲಾಪುರ ಲೋಕಲ್, ಮಂಜರಿ ಗೋಟ ಇವುಗಳ ಜೊತೆ ಉಡುಪಿ ಗುಳ್ಳವೂ ಇತ್ತು.

ಬಿಟಿ ಅಂದರೆ ಏನು? ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಗಿಡಕ್ಕೆ ಸೇರಿಸುತ್ತಾರೆ. ಆಗ ಗಿಡವೇ ಒಂದು ಪ್ರೋಟೀನು ತಯಾರಿಸುತ್ತದೆ. ಕಾಯಿ ಕೊರೆಯುವ ಹುಳ ಅದನ್ನು ತಿಂದರೆ ಸಾಯುತ್ತದೆ. ಬದನೆ ಬೆಳೆಯುವವರಿಗೆ ಆ ಹುಳದ ಕಾಟ ಎಷ್ಟು, ಅದಕ್ಕೆ ಎಷ್ಟು ಸಲ ಔಷಧಿ ಹೊಡೆಯಬೇಕು ಎಂದು ಹೇಳಿ ತಿಳಿಸಬೇಕಿಲ್ಲ. ಹಾಗಾಗಿ ಇದು ಸುಮ್ನೆ ತಳ್ಳಿಹಾಕುವ ವಿಷಯ ಆಗಿರಲಿಲ್ಲ.

2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗ ಪರಿಸರ ಖಾತೆ ನೋಡುತ್ತಿದ್ದವರು ಜೈರಾಮ್ ರಮೇಶ್. ಅವರು ಆ ಒಪ್ಪಿಗೆಗೆ ತಕ್ಷಣ ಸಹಿ ಹಾಕಲಿಲ್ಲ. ಏಳು ನಗರಗಳಲ್ಲಿ ಸಭೆ ಕರೆದರು. ಬೆಂಗಳೂರಿನಲ್ಲೂ ಒಂದು ಸಭೆ ಆಯಿತು. ರೈತರು, ವಿಜ್ಞಾನಿಗಳು, ಬೀಜದ ಕಂಪನಿಯವರು, ವೈದ್ಯರು ಎಲ್ಲರೂ ಬಂದರು. ಗಲಾಟೆಯೂ ಆಯಿತು. 2010ರ ಫೆಬ್ರವರಿ 9ಕ್ಕೆ ಅವರು ಬಿಟಿ ಬದನೆಯನ್ನು ತಡೆಹಿಡಿದರು. ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ, ರಾಜ್ಯ ಸರಕಾರಗಳು ಒಪ್ಪುತ್ತಿಲ್ಲ, ಕಂಪನಿಗೆ ಸಂಬಂಧವಿಲ್ಲದವರು ಮಾಡಿದ ಪರೀಕ್ಷೆ ಸಾಲದು ಎಂದು ಕಾರಣಗಳನ್ನು ಬರೆದು ಪ್ರಕಟಿಸಿದರು.

ತುಂಬ ವಿಜ್ಞಾನಿಗಳಿಗೆ ಸಿಟ್ಟು ಬಂತು. ವಿಜ್ಞಾನದ ಪ್ರಶ್ನೆಯನ್ನು ಸಭೆಯ ಗದ್ದಲದಲ್ಲಿ ತೀರ್ಮಾನ ಮಾಡುವುದಾ ಎಂದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಸಚಿವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿದ್ದವು. ಹುಳ ಸಾಯುತ್ತದಾ, ತಿಂದವರಿಗೆ ತೊಂದರೆ ಇದೆಯಾ, ಪರಾಗ ಎಷ್ಟು ದೂರ ಹೋಗುತ್ತದೆ ಎನ್ನುವುದು ಒಂದು. ಇದಕ್ಕೆ ಉತ್ತರ ಹೇಳಬೇಕಾದವರು ವಿಜ್ಞಾನಿಗಳೇ. ಇದನ್ನು ಕೈ ಎತ್ತಿಸಿ ತೀರ್ಮಾನಿಸಲು ಆಗುವುದಿಲ್ಲ. ಎರಡನೆಯದು, ಬೀಜ ಯಾರ ಕೈಯಲ್ಲಿ ಇರಬೇಕು, ಮಟ್ಟುವಿನವರು ತಲೆಮಾರುಗಳಿಂದ ಕಾಪಾಡಿದ ತಳಿ ಹಾಗೇ ಉಳಿಯಬೇಕೋ ಬೇಡವೋ, ಇಷ್ಟು ಲಾಭಕ್ಕೆ ಎಷ್ಟು ಅಪಾಯವನ್ನು ಒಪ್ಪಬಹುದು ಎನ್ನುವುದು. ಇಲ್ಲಿ ಮಟ್ಟುವಿನ ರೈತನ ಮಾತಿಗೆ ದೊಡ್ಡ ವಿಜ್ಞಾನಿಯ ಮಾತಿನಷ್ಟೇ ತೂಕ ಇದೆ.

ಅಲ್ಲಿಗೆ ಕತೆ ಮುಗಿಯಲಿಲ್ಲ. ಅದೇ ವರ್ಷ ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ ಇದರ ಬಗ್ಗೆ ಒಂದು ವರದಿ ಕೊಟ್ಟವು. ಅದರ ಕೆಲವು ಭಾಗಗಳು ಈ ತಂತ್ರಜ್ಞಾನದ ಪರವಾಗಿ ಮೊದಲೇ ಬಂದಿದ್ದ ಒಂದು ಲೇಖನದಿಂದ ಹಾಗೇ ಎತ್ತಿಕೊಂಡವು ಎಂದು ಪತ್ತೆಯಾಯಿತು. ಸಚಿವರೇ ಆ ವರದಿಯನ್ನು ಒಪ್ಪಲಿಲ್ಲ. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಷ್ಟು ದೊಡ್ಡ ಸಂಸ್ಥೆಗಳು ಹೀಗೆ ಮಾಡಿದರೆ ಜನ ಯಾವ ಧೈರ್ಯದ ಮೇಲೆ ನಂಬಬೇಕು? ಇನ್ನೊಂದು ಕಡೆ, ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು 2014ರಿಂದ ಬಿಟಿ ಬದನೆ ಬೆಳೆಯುತ್ತಿದೆ. ನಮ್ಮಲ್ಲಿ ಪರೀಕ್ಷೆಗಳು ಮುಗಿಯುವ ತನಕ ಎಂದು ಹಾಕಿದ ತಡೆ ಹಾಗೇ ಉಳಿದಿದೆ. ಸದ್ಯಕ್ಕೆ ಬೇಡ ಎಂದದ್ದು ಯಾರೂ ತೀರ್ಮಾನ ಮಾಡದೆಯೇ ಯಾವತ್ತೂ ಬೇಡ ಎಂದಾಗುವುದು ಸರಿಯಲ್ಲ. ತಡೆ ಹಾಕಿದ ಸರಕಾರಕ್ಕೆ ಪರೀಕ್ಷೆ ಮಾಡಿಸುವ ಜವಾಬ್ದಾರಿಯೂ ಇರುತ್ತದೆ, ಅಲ್ವಾ?

ತಜ್ಞರು ಹೇಗಿರಬೇಕು ಎಂದು ಕೇಳಿದರೆ ನನಗೆ ನೆನಪಾಗುವುದು ನಮ್ಮ ಜಿಲ್ಲೆಗಳವರೇ ಆದ ಬೆನಗಲ್ ನರಸಿಂಗ ರಾಯರು. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದವರು. ಸಂವಿಧಾನ ಸಭೆಗೆ ಅವರು ಸಲಹೆಗಾರರು. ಸದಸ್ಯರಲ್ಲ. ಅಂದರೆ ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಆದರೂ 1947ರ ಅಕ್ಟೋಬರ್ ಹೊತ್ತಿಗೆ ಸಂವಿಧಾನದ ಮೊದಲ ಕರಡು ತಯಾರಿಸಿದವರು ಅವರೇ. ಅಂಬೇಡ್ಕರ್ ಸಮಿತಿ ಅದನ್ನು ಮುಂದಿಟ್ಟುಕೊಂಡು ಹೊಸ ಕರಡು ಮಾಡಿತು. ಅದು ಸುಮಾರು ಎಂಟು ತಿಂಗಳು ಜನರ ಮುಂದೆ ಇತ್ತು. ಆಮೇಲೆ ಸಭೆಯಲ್ಲಿ ಒಂದೊಂದೇ ವಿಧಿಯ ಚರ್ಚೆ ನಡೆಯಿತು. 7,635 ತಿದ್ದುಪಡಿಗಳ ಸೂಚನೆ ಬಂತು. 2,473 ತಿದ್ದುಪಡಿಗಳು ಸಭೆಯಲ್ಲಿ ಮಂಡನೆಯಾದವು. ರಾಯರ ಕರಡಿನಲ್ಲಿದ್ದ 243 ವಿಧಿಗಳು ಕೊನೆಗೆ 395 ಆದವು. ನನ್ನ ಕರಡನ್ನು ಮುಟ್ಟಬೇಡಿ ಎಂದು ರಾಯರು ಹಟ ಹಿಡಿಯಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಈ ಕೆಲಸದ ಶ್ರೇಯಸ್ಸಿನ ಒಂದು ಪಾಲು ರಾಯರದ್ದು ಎಂದು ತುಂಬು ಮನಸ್ಸಿನಿಂದ ಹೇಳಿದರು. ತಿಳಿದವರು ಕರಡು ಮಾಡಬೇಕು. ಅದನ್ನು ಎಲ್ಲರ ಮುಂದೆ ಇಡಬೇಕು. ತಿದ್ದುವ ಹಕ್ಕು ಜನರ ಪ್ರತಿನಿಧಿಗಳಿಗೆ ಇರಬೇಕು. ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಬೇರೆ ಗೊತ್ತಿಲ್ಲ.

ಈಗ ಎತ್ತಿನಹೊಳೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸಕಲೇಶಪುರದ ಕಡೆ ಹುಟ್ಟುವ ಎತ್ತಿನಹೊಳೆಯ ನೀರು ಕೊನೆಗೆ ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಮಂಗಳೂರು ನಗರ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಕುಡಿಯುವುದು ಇದೇ ನೇತ್ರಾವತಿಯ ನೀರು. ಎತ್ತಿನಹೊಳೆ ಮತ್ತು ಅದರ ಸುತ್ತಿನ ಹಳ್ಳಗಳಿಂದ ವರ್ಷಕ್ಕೆ 24 ಟಿಎಂಸಿ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಕೊಂಡೊಯ್ಯುವುದು ಯೋಜನೆ. ಕೋಲಾರದವರ ಕಷ್ಟ ಸಣ್ಣದಲ್ಲ. ಅಲ್ಲಿ ಕೊಳವೆ ಬಾವಿ ಎಷ್ಟು ಆಳಕ್ಕೆ ಹೋದರೂ ಸಿಗುವುದು ಫ್ಲೋರೈಡ್ ನೀರು. ಅವರಿಗೆ ನೀರು ಬೇಡ ಎಂದು ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅಲ್ಲಿ 24 ಟಿಎಂಸಿ ಇದೆಯಾ?

ಸರಕಾರದ ಎಂಜಿನಿಯರುಗಳ ಪ್ರಕಾರ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡದ ಪ್ರಕಾರ ಒಟ್ಟು ಸಿಗುವುದೇ 9.55 ಟಿಎಂಸಿ. ಎರಡೂ ಕಡೆ ಕಲಿತವರೇ ಇದ್ದಾರೆ. ನಾವು ನೀವು ಏನು ಮಾಡಬೇಕು? ನಮಗೆ ತಿಳಿಯದು ಎಂದು ಎದ್ದು ಹೋಗಬೇಕಾ?

ಬೇಡ. ಒಂದು ಪೆನ್ನು, ಒಂದು ಕಾಗದ ತೆಗೆದುಕೊಳ್ಳಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಮೀಟರಿಗೆ ತಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಅಂದರೆ ಸುಮಾರು 68 ಕೋಟಿ ಘನ ಮೀಟರ್. ವಿಜ್ಞಾನ ಸಂಸ್ಥೆಯವರ ಅಧ್ಯಯನದಲ್ಲಿ ಆ ಜಲಾನಯನ ಪ್ರದೇಶ, ಅಂದರೆ ಮಳೆನೀರು ಈ ಹೊಳೆಗಳಿಗೆ ಹರಿದು ಬರುವ ಜಾಗ, ಸುಮಾರು 180 ಚದರ ಕಿಲೋಮೀಟರ್. ಅಂದರೆ 18 ಕೋಟಿ ಚದರ ಮೀಟರ್. 68ನ್ನು 18ರಿಂದ ಭಾಗಿಸಿ. ಮೂರು ಮುಕ್ಕಾಲು ಮೀಟರ್ ಬರುತ್ತದೆ. ಅಂದರೆ ಆ ಇಡೀ ಪ್ರದೇಶದಲ್ಲಿ 3,750 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳಬೇಕು. ಬಿದ್ದ ಅಷ್ಟೂ ನೀರು ಹೊಳೆಗೇ ಬರಬೇಕು. ಮಣ್ಣು ಕುಡಿಯಬಾರದು, ಮರ ಕುಡಿಯಬಾರದು, ಆವಿಯಾಗಬಾರದು, ಕೆಳಗಿನ ಹೊಳೆಗೆ ಒಂದು ಹನಿಯೂ ಹೋಗಬಾರದು. ಆ ಭಾಗದಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 3,000ದಿಂದ 4,500 ಮಿಲಿಮೀಟರ್.

ಈ ಲೆಕ್ಕಕ್ಕೆ ಹೈಸ್ಕೂಲು ಗಣಿತ ಸಾಕು. ಇದರಿಂದ ಯೋಜನೆ ತಪ್ಪು ಎಂದು ಸಾಬೀತಾಯಿತು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪ್ರದೇಶದ ಗಡಿ ಬೇರೆ, ನಮ್ಮ ಮಳೆಯ ಅಂಕಿ ಬೇರೆ ಎಂದು ಎಂಜಿನಿಯರುಗಳು ಹೇಳಬಹುದು. ಹೇಳಲಿ, ಅದನ್ನೇ ನಾನು ಕೇಳುತ್ತಿರುವುದು. ಯಾವ ಮಳೆಮಾಪಕ, ಎಷ್ಟು ವರ್ಷದ ಅಂಕಿ, ಹೊಳೆಯ ಹರಿವನ್ನು ಎಲ್ಲಿ ನಿಂತು ಅಳೆದದ್ದು ಎಂದು ಕಾಗದದಲ್ಲಿ ಇಡಲಿ. ಇದನ್ನೆಲ್ಲ ಕೇಳಬೇಕಾದ ಜಾಗ ಸಾರ್ವಜನಿಕ ಅಹವಾಲು ಸಭೆ. ಆದರೆ ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಇದಕ್ಕೆ ಪರಿಸರ ಪರಿಣಾಮದ ವರದಿಯೂ ಬೇಕಾಗಲಿಲ್ಲ, ಅಹವಾಲು ಸಭೆಯೂ ಬೇಕಾಗಲಿಲ್ಲ. ನಮ್ಮ ಕಡೆ ಬೀದಿಗಿಳಿದು ಹೋರಾಡಿದರು, ಬಂದ್ ಆಯಿತು, ಕೋರ್ಟಿಗೆ ಹೋದರು. ಇಷ್ಟೆಲ್ಲ ಆದರೂ ಎರಡು ತಂಡಗಳು ಒಂದೇ ಮೇಜಿನ ಮೇಲೆ ತಮ್ಮ ಲೆಕ್ಕ ಬಿಚ್ಚಿಟ್ಟು, ಜನರ ಎದುರು ಕುಳಿತು ಮಾತಾಡುವ ವ್ಯವಸ್ಥೆ ಆಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಸಾವಿರಾರು ಕೋಟಿ ಖರ್ಚು ಮಾಡಿದ ಮೇಲೆ ನೀರೇ ಲೆಕ್ಕ ಹೇಳುತ್ತದೆ. ಆಗ ಕೋಲಾರದವರಿಗೂ ಅನ್ಯಾಯ, ನಮಗೂ ಅನ್ಯಾಯ ಆಗಬಾರದು ಎಂಬುದು ನನ್ನ ಕಾಳಜಿ.

ತಜ್ಞರು ಯಾವಾಗಲೂ ಜನರಿಗಿಂತ ಮೊದಲು ತಿಳಿಯುತ್ತಾರೆ ಎನ್ನುವುದೂ ಸರಿಯಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ನಮ್ಮ ಮಗ್ಗುಲಲ್ಲೇ ನಡೆದದ್ದು. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ, 2000ನೇ ಇಸವಿಯ ತನಕ, ಹೆಲಿಕಾಪ್ಟರಿನಿಂದ ಈ ಔಷಧಿ ಹೊಡೆದರು. ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯುವವರಿದ್ದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲೂ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಿಗೆ ಹೊಡೆದದ್ದಿದೆ. ಏನೋ ಸರಿ ಇಲ್ಲ ಎಂದು ಮೊದಲು ಕಂಡದ್ದು ಪ್ರಯೋಗಾಲಯದಲ್ಲಿ ಅಲ್ಲ. ದನ ಸಾಕುವವರಿಗೆ ಕರುಗಳಲ್ಲಿ ಕಂಡಿತು. ತಾಯಂದಿರಿಗೆ ಮಕ್ಕಳಲ್ಲಿ ಕಂಡಿತು. ಪಡ್ರೆ ಗ್ರಾಮದಲ್ಲಿ ಕ್ಲಿನಿಕ್ ಇಟ್ಟಿದ್ದ ವೈದ್ಯರು ಒಂದೇ ಊರಲ್ಲಿ ಇಷ್ಟು ಕಾಯಿಲೆ ಯಾಕೆ ಎಂದು ಕೇಳಲು ಶುರು ಮಾಡಿದರು. ಕೃಷಿ ಪತ್ರಕರ್ತ ಶ್ರೀಪಡ್ರೆ ಬರೆದರು.

ಆಮೇಲೆ ಬಂದವು ವರದಿಗಳು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ನೀರು, ರಕ್ತ ಎಲ್ಲದರಲ್ಲೂ ಎಂಡೋಸಲ್ಫಾನ್ ಇದೆ ಎಂದಿತು. ಆ ಗೇರು ತೋಟಗಳನ್ನು ನಡೆಸುತ್ತಿದ್ದ ಸರಕಾರಿ ನಿಗಮ ಬೇರೆ ಸಂಸ್ಥೆಯಿಂದ ಮಾಡಿಸಿದ ಅಧ್ಯಯನ ತೊಂದರೆ ಇಲ್ಲ ಎಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಔಷಧಿ ಬಿದ್ದ ಊರಿನ ಮಕ್ಕಳನ್ನೂ ಬೀಳದ ಊರಿನ ಮಕ್ಕಳನ್ನೂ ಹೋಲಿಸಿ ನೋಡಿದರು. ಔಷಧಿ ಬಿದ್ದ ಊರಿನಲ್ಲಿ ಹುಟ್ಟಿನಿಂದ ಬಂದ ದೋಷಗಳು, ಕಲಿಕೆಯ ತೊಂದರೆ ಜಾಸ್ತಿ ಇರುವುದು ಅವರಿಗೆ ಕಂಡಿತು. ಕೇಂದ್ರದ ಸಮಿತಿಗಳು ಆಮೇಲೂ ಸಂಬಂಧ ಸಾಬೀತಾಗಿಲ್ಲ ಎನ್ನುತ್ತಾ ಬಂದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಕೊಟ್ಟಿತು.

ಈ ಕತೆಯನ್ನು ಕೆಲವರು ವಿಜ್ಞಾನ ಬೇಡ, ಜನರ ಅನುಭವವೇ ಸಾಕು ಎನ್ನಲು ಬಳಸುತ್ತಾರೆ. ನಾನು ಒಪ್ಪುವುದಿಲ್ಲ. ಜನ ಮೊದಲು ಕಂಡರು, ನಿಜ. ಆದರೆ ಅವರು ಕಂಡದ್ದಕ್ಕೆ ಬಲ ಬಂದದ್ದು ಯಾರೋ ರಕ್ತದ ಮಾದರಿ ತೆಗೆದು, ಎರಡು ಊರುಗಳನ್ನು ಹೋಲಿಸಿ, ಅಂಕಿ ಬರೆದ ಮೇಲೆ. ತಪ್ಪಾದದ್ದು ಬೇರೆ ಕಡೆ. ಔಷಧಿ ಹೊಡೆಯುವ ಮೊದಲೇ ಬಾವಿಗಳು ಎಷ್ಟು ದೂರ ಎಂದು ಊರಿನವರನ್ನು ಕೇಳಬೇಕಿತ್ತು. ದೂರು ಬಂದ ಮೊದಲ ವರ್ಷವೇ ಪರೀಕ್ಷೆ ಆಗಬೇಕಿತ್ತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಬೆಲೆ ತೆತ್ತರು. ಅವರಲ್ಲಿ ತುಂಬ ಜನ ಇವತ್ತಿಗೂ ಹಾಸಿಗೆಯಲ್ಲಿದ್ದಾರೆ. ಅವರನ್ನು ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಗುತ್ತಿದೆ.

ಮಲ್ಪೆ ಕಡೆಯಿಂದ ಬಂದವರು ಇಲ್ಲಿ ಕೆಲವರಿದ್ದೀರಿ. ನಿಮಗೆ ಹಿತವಾಗದ ಒಂದು ಮಾತು ಹೇಳಬೇಕು. ಬಹುಮತದಿಂದ ಮೀನು ಹುಟ್ಟುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ಮೀನು ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಈ ಅಂಕಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಅವರ ಜನ ಬಂದರುಗಳಿಗೆ ಹೋಗಿ, ಆಯ್ದ ಬೋಟುಗಳ ಮೀನು ನೋಡಿ ಬರೆದುಕೊಂಡು ಮಾಡುವ ಲೆಕ್ಕ ಅದು. ಸಮುದ್ರ ಬಿಸಿಯಾದದ್ದೂ ಕಾರಣ, ಮರಿಮೀನು ಬಾಚಿದ್ದೂ ಕಾರಣ ಎನ್ನುತ್ತಾರೆ ಅವರು. ಬಿಸಿ ನಮ್ಮ ಕೈಯಲ್ಲಿಲ್ಲ. ಮರಿಮೀನು ನಮ್ಮ ಕೈಯಲ್ಲಿದೆ. ಕೇರಳ ಹತ್ತು ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯಬಾರದು ಎಂದು ನಿಯಮ ಮಾಡಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಇದನ್ನು ಎಲ್ಲರೂ ಪಾಲಿಸುತ್ತಾರೆ. ಆದರೆ 2017ರಲ್ಲಿ ಕೇಂದ್ರ ನಿಷೇಧಿಸಿದ ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೆಳೆದು ಹಿಡಿಯುವುದು), ಬುಲ್ ಟ್ರಾಲ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ವಿಷಯ ಬಂದಾಗ ಮಾತು ಬೇರೆಯಾಗುತ್ತದೆ. ನಾಡದೋಣಿಯವರು ನಿಲ್ಲಿಸಿ ಎನ್ನುತ್ತಾರೆ, ದೊಡ್ಡ ಬೋಟಿನವರು ಸಾಲ ತೀರಿಸುವುದು ಹೇಗೆ ಎಂದು ಕೇಳುತ್ತಾರೆ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದವರೂ ಮೌನ. ಸಾಲದ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಹುಡುಕಬೇಕಾದವರು ಶಾಸಕರು. ಆದರೆ ಆ ಕಾರಣಕ್ಕೆ ವಿಜ್ಞಾನಿಯ ಅಂಕಿಯನ್ನೇ ಸುಳ್ಳು ಎನ್ನುವುದು ಬೇಡ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ದೇಶದಲ್ಲೇ ಮೊದಲನೆಯದು. ಅಲ್ಲಿನವರು ಮತ್ತು ಬೋಟು ನಡೆಸುವ ತಂಡೇಲರು ಪ್ರತಿ ವರ್ಷ ರಜೆಯ ಆ ಎರಡು ತಿಂಗಳಲ್ಲಿ ಬಂದರಿನಲ್ಲೇ ಕೂತು ಹಿಂದಿನ ವರ್ಷದ ಅಂಕಿ ನೋಡುವಂತಾಗಬೇಕು ಎಂದು ನನ್ನ ಆಸೆ.

ಈ ಅಂಕಿ, ವರದಿ ಯಾವ ಭಾಷೆಯಲ್ಲಿ ಇರುತ್ತದೆ ಎನ್ನುವುದನ್ನು ನಾವು ಸಣ್ಣ ವಿಷಯ ಎಂದುಕೊಂಡಿದ್ದೇವೆ. ಪಶ್ಚಿಮ ಘಟ್ಟದಲ್ಲಿ ಯಾವ ಜಾಗವನ್ನು ಹೇಗೆ ಕಾಪಾಡಬೇಕು ಎಂಬ ವರದಿಯನ್ನು ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟಿನಲ್ಲೇ ಕೊಟ್ಟಿತ್ತು. ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನ ಮಾಡಿ ಎಂದು ಆ ವರದಿಯೇ ಹೇಳಿತ್ತು. ಅದನ್ನು ಹೊರಗೆ ಬಿಡಲು ಮಾಹಿತಿ ಹಕ್ಕು, ಮಾಹಿತಿ ಆಯೋಗ, ದೆಹಲಿ ಹೈಕೋರ್ಟು ಎಲ್ಲ ಬೇಕಾಯಿತು. 2012ರ ಮೇ ತಿಂಗಳಲ್ಲಿ ಹೊರಬಂತು. ಆಮೇಲೆ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ನೋಡಿ, ಒಂದು ಹಳ್ಳಿಯ 20 ಶೇಕಡಾ ಜಾಗ ಸೂಕ್ಷ್ಮವಾಗಿದ್ದರೆ ಇಡೀ ಹಳ್ಳಿಯನ್ನು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್. ನಮ್ಮ ಎರಡೂ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿವೆ. ಕಾರ್ಕಳ, ಬೆಳ್ತಂಗಡಿ, ಸುಳ್ಯದ ರೈತನ ಕೈಗೆ ಆ ವರದಿ ಕನ್ನಡದಲ್ಲಿ ತಲುಪಿತಾ? ಅವನ ಅಡಿಕೆ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೆ ಕಾಣಿಸಿತಾ ಎಂದು ನೋಡಲು ಯಾರಾದರೂ ತೋಟಕ್ಕೆ ಬಂದರಾ? ಅವನಿಗೆ ತಲುಪಿದ್ದು ಗಾಳಿಮಾತು ಮಾತ್ರ. ಒಕ್ಕಲೆಬ್ಬಿಸುತ್ತಾರಂತೆ, ಮನೆ ಕಟ್ಟಲು ಬಿಡುವುದಿಲ್ಲವಂತೆ. ಕೇಂದ್ರ 2014ರಿಂದ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ಕ್ಕೆ ಬಂದದ್ದು ಆರನೆಯದು. ಕೇರಳ ಸರಕಾರ ಪಂಚಾಯತ್ ಮಟ್ಟದಲ್ಲಿ ನೋಡಿಸಿ 13,108 ಚದರ ಕಿಲೋಮೀಟರನ್ನು 9,994ಕ್ಕೆ ಇಳಿಸಿ ಬೇರೆ ನಕ್ಷೆಯನ್ನಾದರೂ ಕೊಟ್ಟಿತು. ಅದು ಸರಿಯೋ ತಪ್ಪೋ, ಚರ್ಚಿಸಲು ಒಂದು ಕಾಗದವಾದರೂ ಆಯಿತು. ನಮ್ಮ ರಾಜ್ಯ ವರದಿಯನ್ನೇ ಬೇಡ ಎಂದು ತಿರಸ್ಕರಿಸುತ್ತಾ ಬಂತು.

ಪ್ರಶ್ನೋತ್ತರದ ಹೊತ್ತಿಗೆ ಒಬ್ಬ ಯುವತಿ ಕೇಳಿದ ಪ್ರಶ್ನೆ ಇಲ್ಲಿ ಸೇರಿಸುತ್ತೇನೆ. "ಸರ್, ತಜ್ಞರಲ್ಲೇ ಎರಡು ಗುಂಪಾದರೆ ನಾವು ಯಾರನ್ನು ನಂಬುವುದು?"

ಹೆಸರು, ಪದವಿ ನೋಡಿ ನಂಬಬೇಡಿ, ಅಷ್ಟೇ ಕಾರಣಕ್ಕೆ ಅನುಮಾನವನ್ನೂ ಪಡಬೇಡಿ ಎಂದು ನಾನು ಹೇಳಿದೆ. ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ನೋಡಿ. ನಮ್ಮಲ್ಲಿ ಪರಿಸರ ಪರಿಣಾಮದ ವರದಿ ಬರೆಯುವವರಿಗೆ ಸಂಬಳ ಕೊಡುವುದು ಯೋಜನೆ ಮಾಡುವವರೇ. ಇದು ಬದಲಾಗಲೇಬೇಕು. ಆ ದುಡ್ಡು ಒಂದು ಸ್ವತಂತ್ರ ಸಂಸ್ಥೆಯ ಮೂಲಕ ಹೋಗಬೇಕು. ಆಮೇಲೆ, ಎಲ್ಲಿ ಅಳೆದರು, ಯಾವ ತಿಂಗಳಲ್ಲಿ ಅಳೆದರು ನೋಡಿ. ಮಾರ್ಚಿನಲ್ಲಿ ಅಳೆದ ಹೊಳೆ ಜುಲೈಯ ಹೊಳೆ ಅಲ್ಲ. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಯಾವ ಅಂಕಿ ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಎಂದು ಕೇಳಿ. ಯಾವ ಅಂಕಿ ಬಂದರೂ ಬದಲಾಗುವುದಿಲ್ಲ ಎನ್ನುವವರು ಯಾವ ಗುಂಪಿನವರಾದರೂ ನಾನು ನಂಬುವುದಿಲ್ಲ.

ಅವಳ ಮುಂದಿನ ಪ್ರಶ್ನೆ, "ಆದರೆ ಈ ವರದಿಗಳು ನಮ್ಮ ಕೈಗೆ ಸಿಗುವುದು ಹೇಗೆ?"

ಪರಿಸರ ಪರಿಣಾಮದ ವರದಿಗಳ ಬಗ್ಗೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಗೆ ಕಡಿಮೆ ಅಂದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ರಾಜ್ಯದ ಭಾಷೆಯಲ್ಲಿ ಇರಲೇಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತಿನಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪ್ರತಿ ಇಟ್ಟಿರಬೇಕು. ಈ ನಿಯಮವನ್ನೇ ಬದಲಾಯಿಸುವ ಕರಡು 2020ರಲ್ಲಿ ಬಂದಾಗ, ಆ ಕರಡು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಬರಬೇಕು ಎಂದು ದೆಹಲಿ ಹೈಕೋರ್ಟ್ ಹೇಳಿತು. ಕೇಂದ್ರ ಅದನ್ನು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. ಸಾರಾಂಶ ಮಾತ್ರ ಸಾಲದು, ಪೂರ್ತಿ ವರದಿಯೇ ಕನ್ನಡದಲ್ಲಿ ಬರಬೇಕು ಎಂಬ ಬೇಡಿಕೆಯನ್ನು ನಮ್ಮ ಪಂಚಾಯತ್‌ಗಳು ನಿರ್ಣಯ ಮಾಡಿ ಕಳಿಸಬಹುದು. ಸದ್ಯಕ್ಕೆ, ನೋಟಿಸ್ ಬಂದ ವಾರದಲ್ಲೇ ನಾಲ್ಕು ಜನ ಸೇರಿ ಡಿಸಿ ಕಚೇರಿಗೆ ಹೋಗಿ. ಸಾರಾಂಶವನ್ನು ಮಾತ್ರ ತೆಗೆದುಕೊಂಡು ವಾಪಸ್ ಬರಬೇಡಿ. ಪೂರ್ತಿ ವರದಿ ಕೇಳಿ, ನೀರಿನ ಅಧ್ಯಾಯ ಮೊದಲು ಓದಿ, ಅರ್ಥವಾಗದ ಪುಟಗಳನ್ನು ನಮ್ಮ ಕಾಲೇಜುಗಳ ವಿಜ್ಞಾನದ ಮೇಷ್ಟ್ರುಗಳ ಹತ್ತಿರ ತೆಗೆದುಕೊಂಡು ಹೋಗಿ ಕೂತು ಕೇಳಿ. ಅಹವಾಲು ಸಭೆಯಲ್ಲಿ ನೀವು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿದೆಯಾ ಎಂದು ನೋಡಿಕೊಂಡೇ ಹೊರಡಿ.